ಎರವಲು ಸರಕು ಮತ್ತು ಸುಂಕದ ಕಟ್ಟೆ

ನಮ್ಮ ವಾಚಕರಲ್ಲಿ ಮೊಬೈಲ್ ಫೋನನ್ನು ಅರಿಯದವರು ಯಾರೂ ಇರಲಾರರು. ಅದರ ಗಾಜಿನ ಮೇಲೆ ಸಾಲುಗೊಂಡಿರುವ ಪುಟ್ಟ ಚಿತ್ರಗಳಲ್ಲಿ ಒಂದನ್ನು ಮುಟ್ಟಿದರೆ ರೈಲಿನ ವೇಳೆ ತಿಳಿಯುತ್ತದೆ. ಇನ್ನೊಂದನ್ನು ಮುಟ್ಟಿದರೆ ಅಂಗಡಿಯವನಿಗೆ ಹಣ ಸಂದಾಯವಾಗುತ್ತದೆ. ಮತ್ತೊಂದು, ದೂರದ ಊರಿನಲ್ಲಿರುವ ಅಣ್ಣನ ಮುಖವನ್ನು ನಮ್ಮೆದುರು ತಂದು ನಿಲ್ಲಿಸುತ್ತದೆ. ಆಪ್ ಎಂದು ಕರೆಯಲ್ಪಡುವ ಈ ತಂತ್ರಾಂಶಗಳು ತಯಾರಕನ ಮೇಜಿನಿಂದ ನೆಟ್ಟಗೆ ನಮ್ಮ ಅಂಗೈಗೆ ಬರುತ್ತವೆಂದು ಭಾವಿಸುವುದು ಸಹಜ. ಆದರೆ ವಸ್ತುಸ್ಥಿತಿ ಹಾಗಿಲ್ಲ. ನಡುವೆ ಒಂದು ಬಾಗಿಲುಂಟು. ಆ ಬಾಗಿಲಿಗೆ ಕಾವಲೂ ಉಂಟು.

ಹಿಂದಿನ ಕಾಲದಲ್ಲಿ ಊರಿನ ಹೆಬ್ಬಾಗಿಲ ಬಳಿ ಸುಂಕದ ಕಟ್ಟೆ ಇರುತ್ತಿತ್ತಷ್ಟೆ. ಹೊರಗಿನಿಂದ ಬಂದ ಗಾಡಿಗಳನ್ನು ಅಲ್ಲಿ ನಿಲ್ಲಿಸಿ, ಮೂಟೆಗಳನ್ನು ಬಿಚ್ಚಿಸಿ ನೋಡಿದ ಮೇಲೆಯೇ ಒಳಗೆ ಬಿಡುತ್ತಿದ್ದರು. ಆಪಲ್ ಸಂಸ್ಥೆಯು 2008ರ ಜುಲೈ 10ರಂದು ತೆರೆದ ಆಪ್ ಸ್ಟೋರ್, ಅದೇ ವರ್ಷ ಗೂಗಲ್ ಸಂಸ್ಥೆಯು ತೆರೆದು 2012ರಲ್ಲಿ ಗೂಗಲ್ ಪ್ಲೇ ಎಂದು ಹೆಸರು ಬದಲಿಸಿದ ಮಳಿಗೆ, ಇವೆರಡೂ ಇಂದಿನ ಸುಂಕದ ಕಟ್ಟೆಗಳು. ತಯಾರಕನು ತನ್ನ ಆಪನ್ನು ಅಲ್ಲಿಗೆ ಒಪ್ಪಿಸಬೇಕು. ಮೊದಲು ಯಂತ್ರವೂ, ಆಮೇಲೆ ಮನುಷ್ಯರೂ ಅದನ್ನು ಪರೀಕ್ಷಿಸುತ್ತಾರೆ. ನಿಯಮಕ್ಕೆ ಒಳಪಟ್ಟಿದ್ದರೆ ಅದು ಮಳಿಗೆಯೊಳಗೆ ಹೋಗುತ್ತದೆ, ಇಲ್ಲವಾದರೆ ಹಿಂದಿರುಗುತ್ತದೆ.

2019ರ ಆಗಸ್ಟ್–ಸೆಪ್ಟೆಂಬರ್ ಸುಮಾರಿಗೆ ಆಪಲ್ ಮಳಿಗೆಗೆ ಆಪ್‌ಗಳನ್ನು ಕಳುಹಿಸುತ್ತಿದ್ದ ಅನೇಕ ತಯಾರಕರಿಗೆ ಒಂದು ವಿಚಿತ್ರವಾದ ಪತ್ರ ಬರತೊಡಗಿತು. ಅದರ ಸಂಖ್ಯೆ ಐಟಿಎಂಎಸ್-90809. ‘ಯುಐವೆಬ್‌ವ್ಯೂ’ ಎಂಬ ಹಳೆಯ ಸೌಲಭ್ಯವನ್ನು ನಿಮ್ಮ ಆಪ್ ಬಳಸುತ್ತಿದೆ. ಮುಂದೆ ಇಂತಹ ಆಪ್‌ಗಳನ್ನು ಸ್ವೀಕರಿಸುವುದಿಲ್ಲ ಎಂಬುದೇ ಅದರ ಸಾರಾಂಶ. ತಯಾರಕರು ತಮ್ಮ ಬರವಣಿಗೆಯನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹುಡುಕಿದರು. ಹಲವರಿಗೆ ಆ ಹೆಸರು ಒಂದು ಕಡೆಯೂ ಸಿಕ್ಕಲಿಲ್ಲ. ತಾವು ಬರೆಯದ ಮಾತಿಗಾಗಿ ತಮ್ಮ ಮೇಲೆ ದೋಷಾರೋಪಣೆ ಬಂದುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ, ಇಂದಿನ ತಂತ್ರಾಂಶವೆಲ್ಲ ಯಾವ ತಳಹದಿಯ ಮೇಲೆ ನಿಂತಿದೆ ಎಂಬುದೇ ನಮಗೆ ಗೋಚರವಾಗುತ್ತದೆ.

ಆಪ್ ಯಾವುದರಿಂದ ಆಗಿದೆ?

‘ನಾನು ಮನೆ ಕಟ್ಟಿಸಿದೆ’ ಎಂದು ಹೇಳುವವನು ಇಟ್ಟಿಗೆಯನ್ನು ಸುಟ್ಟವನಲ್ಲ. ಕಿಟಕಿಯ ಸರಳನ್ನು ಬಡಿದವನಲ್ಲ. ನಲ್ಲಿಯನ್ನು ಎರಕ ಹೊಯ್ದವನೂ ಅಲ್ಲ. ಬೇರೆ ಬೇರೆ ಕಡೆಗಳಲ್ಲಿ ಸಿದ್ಧವಾದ ವಸ್ತುಗಳನ್ನು ತಂದು, ತನ್ನ ಅವಶ್ಯಕತೆಗೆ ತಕ್ಕಂತೆ ಅವನು ಜೋಡಿಸಿದ್ದಾನೆ. ಆಪ್ ತಯಾರಿಸುವವನ ಕೆಲಸವೂ ಹೀಗೆಯೇ. ಇಂಟರ್‌ನೆಟ್ಟಿನಿಂದ ಚಿತ್ರವೊಂದನ್ನು ತರುವುದು, ಹಣ ಪಾವತಿಯ ಪುಟವನ್ನು ತೋರಿಸುವುದು, ಭೂಪಟವನ್ನು ಬಿಡಿಸುವುದು, ಜಾಹೀರಾತನ್ನು ಹಾಕುವುದು ಇತ್ಯಾದಿಗಳು ಸಾವಿರಾರು ಆಪ್‌ಗಳಿಗೆ ಸಮಾನವಾಗಿ ಬೇಕಾಗುವ ಕೆಲಸಗಳು. ಪ್ರತಿಯೊಬ್ಬನೂ ಇವನ್ನು ಹೊಸದಾಗಿ ಬರೆಯುವುದು ವ್ಯರ್ಥ ಶ್ರಮವಲ್ಲವೆ? ಆದುದರಿಂದ ಯಾರೋ ಒಬ್ಬರು ಒಮ್ಮೆ ಚೆನ್ನಾಗಿ ಬರೆದು ಇಟ್ಟುದನ್ನು ಉಳಿದವರು ತೆಗೆದುಕೊಂಡು ಬಳಸುತ್ತಾರೆ. ಇಂತಹ ಸಿದ್ಧ ಭಾಗಗಳ ಕಟ್ಟಿಗೆ ಲೈಬ್ರರಿ ಎಂದು ಹೆಸರು. ಅನೇಕ ಲೈಬ್ರರಿಗಳು ಉಚಿತವಾಗಿಯೇ ದೊರಕುತ್ತವೆ.

ಇವನ್ನು ತರಿಸಿಕೊಳ್ಳುವುದೂ ಈಗ ಬಹಳ ಸುಲಭವಾಗಿದೆ. ಐಫೋನ್ ತಯಾರಕರಲ್ಲಿ ಪ್ರಚಾರಕ್ಕೆ ಬಂದ ಕೋಕೋಪಾಡ್ಸ್ ಎಂಬ ಸಾಧನವನ್ನು ನೋಡೋಣ. ಬೇಕಾದ ಲೈಬ್ರರಿಯ ಹೆಸರನ್ನು ಒಂದು ಕಡತದಲ್ಲಿ ಒಂದೇ ಸಾಲಿನಲ್ಲಿ ಬರೆದು ಅಪ್ಪಣೆ ಕೊಟ್ಟರೆ ಸಾಕು. ಆ ಲೈಬ್ರರಿ ಬಂದು ಕೂಡಿಕೊಳ್ಳುತ್ತದೆ. ಅಷ್ಟೇ ಅಲ್ಲ, ಆ ಲೈಬ್ರರಿಯು ತನ್ನ ಕೆಲಸಕ್ಕಾಗಿ ಬೇರೆ ಎರಡು ಲೈಬ್ರರಿಗಳನ್ನು ನಂಬಿದ್ದರೆ ಅವೂ ಬರುತ್ತವೆ. ಅವುಗಳ ಹಿಂದೆ ಮತ್ತಾವುದೋ ಬರುತ್ತದೆ. ಮದುವೆಗೆ ಕರೆದ ನೆಂಟನ ಜೊತೆಗೆ ಅವನ ನೆಂಟರೂ ಬಂದು ಪಂಕ್ತಿಯಲ್ಲಿ ಕುಳಿತಂತೆ ಇದು. ತಯಾರಕನು ಬರೆದುದು ಐದು ಹೆಸರು. ಅವನ ಆಪಿನೊಳಗೆ ಸೇರಿದುದು ಇಪ್ಪತ್ತು ಲೈಬ್ರರಿ ಆದರೂ ಆದೀತು. ಹೀಗೆ ಒಂದು ತಂತ್ರಾಂಶವು ಮತ್ತೊಂದನ್ನು ನಂಬಿ ನಿಲ್ಲುವುದಕ್ಕೆ ಅವಲಂಬನೆ ಎನ್ನುತ್ತಾರೆ.

ನಿವೃತ್ತಿಯ ಸೂಚನೆ

ಆಪ್ ಮತ್ತು ಲೈಬ್ರರಿಗಳೆಲ್ಲ ಕೊನೆಗೆ ನಂಬುವುದು ಫೋನಿನ ಕಾರ್ಯಾಚರಣ ವ್ಯವಸ್ಥೆಯನ್ನು. ಐಫೋನಿನಲ್ಲಿ ಅದು ಐಓಎಸ್. ಬೇರೆ ಹೆಚ್ಚಿನ ಫೋನುಗಳಲ್ಲಿ ಆಂಡ್ರಾಯ್ಡ್. ಅಕ್ಷರವನ್ನು ಮೂಡಿಸುವುದು, ಕ್ಯಾಮೆರಾವನ್ನು ತೆರೆಯುವುದು, ಗಂಟೆ ಬಾರಿಸುವುದು ಮೊದಲಾದ ನೂರಾರು ಸೌಲಭ್ಯಗಳನ್ನು ಈ ವ್ಯವಸ್ಥೆಯು ಒದಗಿಸುತ್ತದೆ. ಪ್ರತಿಯೊಂದಕ್ಕೂ ಗೊತ್ತಾದ ಒಂದು ಹೆಸರುಂಟು; ಆ ಹೆಸರು ಹಿಡಿದು ಕರೆದರೆ ಅದು ಓಗೊಡುತ್ತದೆ.

ಕಾಲಕ್ರಮದಲ್ಲಿ ಕೆಲವು ಸೌಲಭ್ಯಗಳು ಹಳೆಯದಾಗುತ್ತವೆ. ಅದಕ್ಕಿಂತ ಉತ್ತಮವಾದ ವಿಧಾನ ಸಿಕ್ಕಿರಬಹುದು, ಅಥವಾ ಹಳೆಯದರಲ್ಲಿ ಅಪಾಯವಿರುವುದು ಗೊತ್ತಾಗಿರಬಹುದು. ಆದರೂ ಅದನ್ನು ಒಮ್ಮೆಲೇ ಕಿತ್ತುಹಾಕಿದರೆ, ಅದನ್ನು ನಂಬಿದ ಆಪ್‌ಗಳೆಲ್ಲ ಒಂದೇ ದಿನ ನಿಂತುಹೋಗುತ್ತವೆ. ಆದುದರಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಕ್ರಮವೊಂದು ರೂಢಿಯಲ್ಲಿದೆ. ಮೊದಲು ಹೊಸ ಸೌಲಭ್ಯವನ್ನು ಕೊಟ್ಟು ಹಳೆಯದನ್ನೂ ಉಳಿಸುತ್ತಾರೆ. ತರುವಾಯ ಹಳೆಯದಕ್ಕೆ ‘ಡೆಪ್ರಿಕೇಟೆಡ್’ ಎಂಬ ಹಣೆಪಟ್ಟಿ ಅಂಟಿಸುತ್ತಾರೆ. ‘ಇದು ಇನ್ನೂ ಕೆಲಸ ಮಾಡುತ್ತದೆ, ಆದರೆ ಇದನ್ನು ಇನ್ನು ನೆಚ್ಚಬೇಡಿ’ ಎಂದು ಅದರ ಅರ್ಥ. ನಾವು ಇದನ್ನು ನಿವೃತ್ತಿಸೂಚನೆ ಎಂದು ಕರೆಯೋಣ. ಮೂರನೆಯ ಮೆಟ್ಟಿಲಲ್ಲಿ, ಅದನ್ನು ಬಳಸುವ ಆಪ್‌ಗಳನ್ನು ಮಳಿಗೆಯ ಬಾಗಿಲಲ್ಲೇ ತಡೆಯುತ್ತಾರೆ. ಕಡೆಯ ಮೆಟ್ಟಿಲಲ್ಲಿ ಸೌಲಭ್ಯವನ್ನೇ ತೆಗೆದುಹಾಕುತ್ತಾರೆ. ಎಲ್ಲ ಸೌಲಭ್ಯಗಳೂ ಈ ನಾಲ್ಕು ಮೆಟ್ಟಿಲುಗಳನ್ನು ಇಳಿಯುತ್ತವೆಂದು ಹೇಳಲಾಗದಿದ್ದರೂ ಸಾಮಾನ್ಯ ಕ್ರಮ ಇದೇ.

ಜಾಲಪುಟದ ಕಿಟಕಿ

ಪತ್ರದಲ್ಲಿ ಹೆಸರಿಸಿದ್ದ ಯುಐವೆಬ್‌ವ್ಯೂ ಎಂಬುದು ಆಪಿನ ಒಳಗೇ ಜಾಲಪುಟವನ್ನು ತೋರಿಸುವ ಒಂದು ಕಿಟಕಿ. ಸುದ್ದಿಯನ್ನು ಓದುವ ಆಪಿನಲ್ಲಿ ಕೊಂಡಿಯೊಂದನ್ನು ಮುಟ್ಟಿದಾಗ ಆ ಪುಟ ಅಲ್ಲಿಯೇ ತೆರೆದುಕೊಳ್ಳುವುದನ್ನು ನಾವು ನೋಡಿದ್ದೇವೆ. ಹೊರಗಿನ ಆಪ್‌ಗಳಿಗೆ ಅವಕಾಶ ದೊರೆತ 2008ನೆಯ ವರ್ಷದಿಂದಲೂ ಈ ಕಿಟಕಿ ಬಳಕೆಯಲ್ಲಿತ್ತು. 2014ರಲ್ಲಿ ಐಓಎಸ್ 8ನೆಯ ಆವೃತ್ತಿಯೊಡನೆ ‘ಡಬ್ಲ್ಯುಕೆವೆಬ್‌ವ್ಯೂ’ ಎಂಬ ಹೊಸ ಕಿಟಕಿ ಬಂತು. 2018ರಲ್ಲಿ, 12ನೆಯ ಆವೃತ್ತಿಯಲ್ಲಿ, ಹಳೆಯದಕ್ಕೆ ನಿವೃತ್ತಿಸೂಚನೆ ಹೊರಟಿತು.

ಹಳೆಯ ಕಿಟಕಿಯಲ್ಲಿದ್ದ ಕುಂದು ಯಾವುದು? ಚಾಲನೆಯಲ್ಲಿರುವ ಪ್ರತಿ ಆಪಿಗೂ ವ್ಯವಸ್ಥೆಯು ನೆನಪಿನ ಕೋಶದಲ್ಲಿ ಒಂದು ಪ್ರತ್ಯೇಕ ಕೋಣೆಯನ್ನು ಕೊಟ್ಟಿರುತ್ತದೆ. ಒಂದರ ಕೋಣೆಗೆ ಮತ್ತೊಂದು ಕಾಲಿಡುವಂತಿಲ್ಲ. ಹಳೆಯ ಕಿಟಕಿಯು ಜಾಲಪುಟವನ್ನು ಆಪಿನ ಕೋಣೆಯೊಳಗೇ ತಂದು ಕೂರಿಸುತ್ತಿತ್ತು. ಪುಟವು ಕೆಟ್ಟು ಕುಸಿದರೆ ಇಡೀ ಆಪೇ ಕುಸಿಯುತ್ತಿತ್ತು. ಪುಟದಲ್ಲಿ ದುರುದ್ದೇಶದ ಬರಹವಿದ್ದು, ಪುಟವನ್ನು ಬಿಡಿಸುವ ಯಂತ್ರಾಂಗದಲ್ಲಿ ಬಿರುಕೂ ಇದ್ದರೆ, ಆಪಿನ ಗುಟ್ಟುಗಳೆಲ್ಲ ಅದರ ಕೈಗೆ ಎಟಕುವ ಸಂಭವವಿತ್ತು. ಹೊಸ ಕಿಟಕಿಯಾದರೋ ಪುಟವನ್ನು ಬೇರೊಂದು ಕೋಣೆಯಲ್ಲಿ ಇರಿಸಿ, ಅದರ ಚಿತ್ರವನ್ನು ಮಾತ್ರ ನಮ್ಮ ಮುಂದೆ ತರುತ್ತದೆ. ಅಲ್ಲಿ ಅನಾಹುತವಾದರೂ ಆಪ್ ಉಳಿಯುತ್ತದೆ.

ವೇಗದಲ್ಲಿಯೂ ವ್ಯತ್ಯಾಸವುಂಟು. ಜಾಲಪುಟದಲ್ಲಿರುವ ಜಾವಾಸ್ಕ್ರಿಪ್ಟ್ ಬರಹವನ್ನು ಶೀಘ್ರವಾಗಿ ನಡೆಸಬೇಕಾದರೆ, ಅದನ್ನು ಆಗಿಂದಾಗಲೇ ಯಂತ್ರಭಾಷೆಗೆ ಪರಿವರ್ತಿಸಿ ನೆನಪಿನ ಕೋಶದಲ್ಲಿ ಬರೆದು ಅಲ್ಲಿಂದಲೇ ನಡೆಸಬೇಕು. ಹೊಸದಾಗಿ ಬರೆದುದನ್ನು ಹಾಗೆಯೇ ನಡೆಸುವ ಅಧಿಕಾರವನ್ನು ಸುರಕ್ಷಿತತೆಯ ದೃಷ್ಟಿಯಿಂದ ಸಾಮಾನ್ಯ ಆಪ್‌ಗಳಿಗೆ ಐಓಎಸ್ ಕೊಡುವುದಿಲ್ಲ. ಹಳೆಯ ಕಿಟಕಿ ಆಪಿನ ಕೋಣೆಯಲ್ಲಿದ್ದುದರಿಂದ ಅದಕ್ಕೂ ಆ ಅಧಿಕಾರ ದೊರೆಯಲಿಲ್ಲ. ಹೊಸ ಕಿಟಕಿಯ ಪ್ರತ್ಯೇಕ ಕೋಣೆಗೆ ಅದನ್ನು ಕೊಡಲು ಸಾಧ್ಯವಾಯಿತು. ಹೀಗೆ ನೋಡಿದರೆ, ಹಳೆಯದನ್ನು ಬಿಡಿರೆಂಬ ಮಾತಿಗೆ ಸಕಾರಣವಿತ್ತೆಂಬುದನ್ನು ಒಪ್ಪಲೇಬೇಕು.

2019ರ ಡಿಸೆಂಬರಿನಲ್ಲಿ ಆಪಲ್ ಗಡುವನ್ನು ಪ್ರಕಟಿಸಿತು. 2020ರ ಏಪ್ರಿಲಿನಿಂದ ಯುಐವೆಬ್‌ವ್ಯೂ ಇರುವ ಹೊಸ ಆಪ್‌ಗಳಿಗೆ ಪ್ರವೇಶವಿಲ್ಲ. ಡಿಸೆಂಬರಿನಿಂದ ಹಳೆಯ ಆಪ್‌ಗಳ ಪರಿಷ್ಕರಣೆಗಳಿಗೂ ಇಲ್ಲ. ಈ ಎರಡನೆಯ ಗಡುವನ್ನು ಆಮೇಲೆ ಮುಂದಕ್ಕೆ ಹಾಕಲಾಯಿತು. ಸೂಚನೆ ಹೊರಟು ಎರಡು ವರ್ಷಗಳಾದರೂ ಎಲ್ಲರೂ ಸಿದ್ಧರಾಗಿರಲಿಲ್ಲವೆಂಬುದನ್ನು ಇದರಿಂದ ಊಹಿಸಬಹುದು. ಅದೇಕೆ ಹಾಗಾಯಿತು?

ಕರೆಯದೆ ಬಂದ ಅತಿಥಿ

ಐಫೋನ್ ಆಪ್‌ಗಳ ಚರಿತ್ರೆಯಲ್ಲಿ ಅತ್ಯಂತ ಜನಪ್ರಿಯವಾದ ಲೈಬ್ರರಿಗಳಲ್ಲಿ ಎಎಫ್‌ನೆಟ್‌ವರ್ಕಿಂಗ್ ಒಂದು. 2011ರಲ್ಲಿ ಹುಟ್ಟಿದ ಈ ಲೈಬ್ರರಿಯ ಮುಖ್ಯ ಕಾರ್ಯವೆಂದರೆ ದೂರದ ಕಂಪ್ಯೂಟರಿನೊಡನೆ ಮಾತುಕತೆ ನಡೆಸಿ ಮಾಹಿತಿಯನ್ನು ತರುವುದು. ಅದರೊಡನೆ, ತಂದ ಮಾಹಿತಿಯನ್ನು ಪರದೆಯ ಮೇಲೆ ತೋರಿಸಲು ನೆರವಾಗುವ ಕೆಲವು ಸಣ್ಣ ಕಡತಗಳನ್ನೂ ಅದರ ಕರ್ತೃಗಳು ಸೇರಿಸಿದ್ದರು. ಅವುಗಳಲ್ಲಿ ಒಂದು ಯುಐವೆಬ್‌ವ್ಯೂಗೆ ಸಂಬಂಧಿಸಿದುದು. ಜಾಲಪುಟ ಎಷ್ಟರಮಟ್ಟಿಗೆ ಬಂದಿದೆ ಎಂಬುದನ್ನು ತಿಳಿಸಲು ಆ ಹಳೆಯ ಕಿಟಕಿಗೆ ಅದು ಹೊಸ ಶಕ್ತಿಯನ್ನು ಕೊಡುತ್ತಿತ್ತು.

ಈ ಲೈಬ್ರರಿಯನ್ನು ತಂದವರಲ್ಲಿ ಅನೇಕರಿಗೆ ಬೇಕಾಗಿದ್ದುದು ಮಾಹಿತಿಯನ್ನು ತರುವ ಭಾಗ ಮಾತ್ರ. ಕಿಟಕಿಯ ಕಡತವಿದೆಯೆಂಬುದೇ ಅವರಲ್ಲಿ ಎಷ್ಟೋ ಮಂದಿಗೆ ತಿಳಿಯದು. ಆದರೂ ಲೈಬ್ರರಿಯ ಜೊತೆಗೆ ಅದೂ ಬಂತು, ಆಪಿನೊಳಗೆ ಸೇರಿತು. ಒಂದು ಸಲವೂ ಚಾಲನೆಗೆ ಬಾರದೆ ಮೂಲೆಯಲ್ಲಿ ಬಿದ್ದಿತ್ತು. ಸುಂಕದ ಕಟ್ಟೆಯಲ್ಲಿ ಮೂಟೆಯನ್ನು ಬಿಚ್ಚಿದಾಗ ಕಣ್ಣಿಗೆ ಬಿದ್ದುದು ಅದೇ!

ಕಾವಲುಗಾರನ ಕಣ್ಣು

ನಾವು ಬಳಸದ ಕಡತವೊಂದು ಆಪಿನಲ್ಲಿ ಏಕೆ ಉಳಿಯಬೇಕು? ಅದು ಸುಮ್ಮನೆ ಬಿದ್ದಿದ್ದರೂ ಯಂತ್ರಕ್ಕೆ ಹೇಗೆ ತಿಳಿಯಬೇಕು? ಇವೆರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ.

ನಾವು ಬರೆದ ತಂತ್ರಾಂಶವನ್ನು ಕಂಪೈಲರ್ ಎಂಬ ಸಾಧನವು ಯಂತ್ರಭಾಷೆಗೆ ತಿರುಗಿಸುತ್ತದೆ. ಬಳಿಕ ಲಿಂಕರ್ ಎಂಬ ಇನ್ನೊಂದು ಸಾಧನವು ಬೇರೆ ಬೇರೆ ತುಂಡುಗಳನ್ನು ಹೊಲಿದು ಒಂದೇ ವಸ್ತುವನ್ನಾಗಿ ಮಾಡುತ್ತದೆ. ಜಿಪುಣ ದರ್ಜಿಯಂತೆ ಲಿಂಕರ್ ಸಾಧಾರಣವಾಗಿ ಬೇಕಾದ ತುಂಡುಗಳನ್ನು ಮಾತ್ರ ಆರಿಸಿಕೊಂಡು ಮಿಕ್ಕವನ್ನು ಬಿಟ್ಟುಬಿಡುತ್ತದೆ. ಆದರೆ ಎಎಫ್‌ನೆಟ್‌ವರ್ಕಿಂಗ್ ರಚಿತವಾದುದು ಆಬ್ಜೆಕ್ಟಿವ್-ಸಿ ಎಂಬ ಭಾಷೆಯಲ್ಲಿ. ಆ ಭಾಷೆಯಲ್ಲಿ ಒಂದು ಭಾಗವು ಮತ್ತೊಂದನ್ನು ಕರೆಯುವುದು ವಿಳಾಸದಿಂದಲ್ಲ, ಹೆಸರಿನಿಂದ. ಅದೂ ಆಪ್ ನಡೆಯುತ್ತಿರುವ ಕಾಲದಲ್ಲಿ. ಯಾವ ಹೆಸರನ್ನು ಯಾವಾಗ ಕೂಗುತ್ತಾರೋ ಹೊಲಿಯುವ ಸಮಯದಲ್ಲಿ ಹೇಳುವಂತಿಲ್ಲ. ಆದುದರಿಂದ ಇಂತಹ ಲೈಬ್ರರಿಗಳ ವಿಷಯದಲ್ಲಿ, ಏನನ್ನೂ ಬಿಡದೆ ಎಲ್ಲವನ್ನೂ ಸೇರಿಸೆಂದು ಲಿಂಕರಿಗೆ ಅಪ್ಪಣೆ ಕೊಡುವುದು ವಾಡಿಕೆ. ಹೆಸರಿನಿಂದಲೇ ಕರೆಯಬೇಕಾದುದರಿಂದ, ಯಂತ್ರಭಾಷೆಗೆ ತಿರುಗಿದ ಮೇಲೂ ಹೆಸರುಗಳು ಅಳಿಸಿಹೋಗದೆ ಅಕ್ಷರರೂಪದಲ್ಲಿಯೇ ಉಳಿದಿರುತ್ತವೆ.

ಮಳಿಗೆಯ ಯಂತ್ರಕ್ಕೆ ಇಷ್ಟು ಸಾಕು. ಅದು ಆಪನ್ನು ನಡೆಸಿ ನೋಡಬೇಕಾಗಿಲ್ಲ. ಒಳಗಿರುವ ಹೆಸರುಗಳ ಪಟ್ಟಿಯಲ್ಲಿ ನಿಷಿದ್ಧವಾದುದು ಇದೆಯೇ ಎಂದು ಹುಡುಕಿದರೆ ಆಯಿತು. ಈ ಸೂಕ್ಷ್ಮವನ್ನು ಅರಿತ ತಯಾರಕರು ತಾವೂ ಅದೇ ದಾರಿಯನ್ನು ಹಿಡಿದರು. ಕೇವಲ ತಮ್ಮ ಬರಹವನ್ನು ಹುಡುಕುವುದನ್ನು ಬಿಟ್ಟು, ಸಿದ್ಧವಾದ ಆಪಿನಲ್ಲಿಯೂ, ತಂದ ಪ್ರತಿಯೊಂದು ಲೈಬ್ರರಿಯಲ್ಲಿಯೂ ಆ ಒಂದು ಹೆಸರನ್ನು ಹುಡುಕಿದರು. ಮೂಲಬರಹವನ್ನು ಬಚ್ಚಿಟ್ಟು ಯಂತ್ರರೂಪದಲ್ಲಿ ಮಾತ್ರ ಕೊಡಲ್ಪಟ್ಟ ಜಾಹೀರಾತು ಲೈಬ್ರರಿಗಳ ಹೊಟ್ಟೆಯಲ್ಲಿದ್ದರೂ ಹೆಸರು ಸಿಕ್ಕಿಬೀಳುತ್ತಿತ್ತು. ಇಲ್ಲಿ ವಿದ್ಯಾರ್ಥಿಗಳು ಒಂದು ವಿಷಯವನ್ನು ಗಮನಿಸಬೇಕು. ಮೂಲಬರಹದ ಟಿಪ್ಪಣಿಗಳಲ್ಲಿ ಆ ಹೆಸರಿದ್ದರೆ ಬಾಧಕವಿಲ್ಲ. ಏಕೆಂದರೆ ಟಿಪ್ಪಣಿಗಳು ಮನುಷ್ಯರಿಗಾಗಿ ಇರುವವು. ಕಂಪೈಲರ್ ಅವನ್ನು ಯಂತ್ರರೂಪಕ್ಕೆ ಒಯ್ಯುವುದಿಲ್ಲ.

‘ಆ ಕಡತ ನನ್ನದಲ್ಲ, ಅದನ್ನು ನಾನು ಎಂದೂ ಬಳಸಿಲ್ಲ’ ಎಂದು ಯಂತ್ರದೊಡನೆ ವಾದಿಸಿ ಫಲವೇನು? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿ ಹುಟ್ಟಿದುದು ಇಂತಹ ಸಂದರ್ಭಕ್ಕೆಂದೇ ತೋರುತ್ತದೆ.

ತಯಾರಕನ ಸಂಕಟ

ದೋಷ ಎಲ್ಲಿದೆಯೆಂದು ತಿಳಿದ ಮಾತ್ರಕ್ಕೆ ಕಷ್ಟ ಮುಗಿಯಿತೆಂದು ಎಣಿಸಬಾರದು. ತಯಾರಕನ ಮುಂದೆ ನಾಲ್ಕು ದಾರಿಗಳಿವೆ. ಲೈಬ್ರರಿಯ ಕರ್ತೃಗಳು ಅದನ್ನು ತಿದ್ದುವವರೆಗೆ ಕಾಯುವುದು ಒಂದು. ಎಎಫ್‌ನೆಟ್‌ವರ್ಕಿಂಗ್‌ನ ವಿಷಯದಲ್ಲಿ 2020ರಲ್ಲಿ ಹೊರಬಂದ 4ನೆಯ ಆವೃತ್ತಿಯಲ್ಲಿ ಹಳೆಯ ಕಿಟಕಿಯ ಕಡತವನ್ನು ತೆಗೆದುಹಾಕಿದರು. ತಿದ್ದಿದ ಆವೃತ್ತಿ ಬಂದ ಮೇಲೆ ಅದಕ್ಕೆ ಹೊಂದಿಕೊಳ್ಳುವುದು ಎರಡನೆಯದು. ಹೊಸ ಆವೃತ್ತಿಯಲ್ಲಿ ಬೇರೆ ಕರೆಗಳ ಹೆಸರೂ ರೀತಿಯೂ ಬದಲಾಗಿರಬಹುದಾದುದರಿಂದ ಆಪಿನ ಬರಹವನ್ನು ಅಲ್ಲಲ್ಲಿ ಮರಳಿ ಬರೆಯಬೇಕಾಗುತ್ತದೆ. ಲೈಬ್ರರಿಯ ಪ್ರತಿಯೊಂದನ್ನು ತೆಗೆದುಕೊಂಡು ತಾನೇ ತಿದ್ದಿಕೊಳ್ಳುವುದು ಮೂರನೆಯದು. ಆದರೆ ಅಂದಿನಿಂದ ಅದರ ಪಾಲನೆಯ ಭಾರ ಅವನದೇ ಆಗುತ್ತದೆ. ಲೈಬ್ರರಿಯನ್ನೇ ಬಿಟ್ಟು ಆ ಕೆಲಸವನ್ನು ಸ್ವಂತವಾಗಿ ಬರೆಯುವುದು ನಾಲ್ಕನೆಯದು. ನಾಲ್ಕರಲ್ಲಿ ಯಾವುದೂ ಒಂದು ಸಂಜೆಯಲ್ಲಿ ಮುಗಿಯುವ ಕೆಲಸವಲ್ಲ.

ಇದಕ್ಕಿಂತಲೂ ಕಠಿನವಾದ ಪರಿಸ್ಥಿತಿ ಕೆಲವರದು. ಅಪಾಚೆ ಕಾರ್ಡೋವಾ ಎಂಬ ಸಾಧನದಿಂದ ಮಾಡಿದ ಆಪ್‌ಗಳಲ್ಲಿ ಇಡೀ ಆಪೇ ಒಂದು ಜಾಲಪುಟ. ಅಂದರೆ ಕಿಟಕಿಯೇ ಮನೆ. ಐಫೋನಿಗಾಗಿ ಇದರ 6ನೆಯ ಆವೃತ್ತಿ 2020ರಲ್ಲಿ ಬಂದಾಗ ಹಳೆಯ ಕಿಟಕಿಯನ್ನು ಪೂರ್ತಿಯಾಗಿ ಕೈಬಿಟ್ಟು ಹೊಸದನ್ನು ಇರಿಸಿತು. ಹಳೆಯ ಕಿಟಕಿಯ ಹಿಂದೆ ಬಳಕೆದಾರರು ಕೂಡಿಟ್ಟಿದ್ದ ಮಾಹಿತಿ ಮಾತ್ರ ಬೇರೊಂದು ಜಾಗದಲ್ಲಿದ್ದುದರಿಂದ ಹೊಸ ಕಿಟಕಿಗೆ ತಾನಾಗಿ ಕಾಣುತ್ತಿರಲಿಲ್ಲ. ಅದನ್ನು ಜೋಪಾನವಾಗಿ ಸಾಗಿಸದಿದ್ದರೆ, ಆಪನ್ನು ನವೀಕರಿಸಿದ ಬಡಪಾಯಿಗೆ ತನ್ನ ಟಿಪ್ಪಣಿಗಳೆಲ್ಲ ಮಾಯವಾದಂತೆ ತೋರುತ್ತಿತ್ತು.

ಇಲ್ಲಿ ನಿಜವಾಗಿ ಪಣಕ್ಕೆ ಬಿದ್ದಿರುವುದು ಯಾವುದೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ನೋಡೋಣ. ತರುಣನೊಬ್ಬನು ವೃದ್ಧರಿಗೆ ಔಷಧಿಯ ವೇಳೆಯನ್ನು ನೆನಪಿಸುವ ಆಪನ್ನು ಮಾಡಿದ್ದಾನೆ. ಮಧ್ಯಾಹ್ನ ಹನ್ನೆರಡು ಗಂಟೆಯನ್ನು ಅದು ಕೆಲವು ಸಂದರ್ಭಗಳಲ್ಲಿ ನಡುರಾತ್ರಿಯೆಂದು ಎಣಿಸುತ್ತದೆಂಬುದು ಒಂದು ದಿನ ಅವನಿಗೆ ತಿಳಿಯುತ್ತದೆ. ಎರಡು ಸಾಲು ತಿದ್ದಿದರೆ ಆಯಿತು. ಅವನು ಕೂಡಲೇ ತಿದ್ದಿ ಮಳಿಗೆಗೆ ಕಳುಹಿಸುತ್ತಾನೆ. ಪರಿಷ್ಕರಣೆಗಳಿಗೂ ಅನ್ವಯಿಸುವ ಹೊಸ ಕಟ್ಟಳೆಯೊಂದು ಹಿಂದಿನ ವಾರವಷ್ಟೆ ಜಾರಿಗೆ ಬಂದಿದೆ. ಜಾಹೀರಾತಿಗಾಗಿ ಎಂದೋ ಸೇರಿಸಿದ ಲೈಬ್ರರಿ ಅದಕ್ಕೆ ವಿರುದ್ಧವಾಗಿದೆ. ಆಪ್ ಹಿಂದಿರುಗುತ್ತದೆ. ಈಗ ಅವನು ಜಾಹೀರಾತಿನ ಲೈಬ್ರರಿಯನ್ನು ಬದಲಿಸುವವರೆಗೂ ಅಜ್ಜಿಯೊಬ್ಬಳ ಫೋನಿನಲ್ಲಿ ಗಂಟೆ ತಪ್ಪಾಗಿಯೇ ಬಾರಿಸುತ್ತಿರುತ್ತದೆ. ಗಂಟೆಗೂ ಜಾಹೀರಾತಿಗೂ ಏನು ಸಂಬಂಧ? ಏನೂ ಇಲ್ಲ. ಎರಡೂ ಒಂದೇ ಗಂಟಿನಲ್ಲಿವೆ, ಅಷ್ಟೆ.

ಮತ್ತೆ ಮತ್ತೆ ಅದೇ ಕಥೆ

ಯುಐವೆಬ್‌ವ್ಯೂನ ಪ್ರಸಂಗ ಒಂಟಿಯಾದುದಲ್ಲ. ಪ್ರತಿ ಐಫೋನಿಗೂ ಇದ್ದ ಶಾಶ್ವತ ಗುರುತಿನ ಸಂಖ್ಯೆಯನ್ನು ಓದುವ ಆಪ್‌ಗಳನ್ನೂ ಪರಿಷ್ಕರಣೆಗಳನ್ನೂ ಆಪಲ್ 2013ರ ಮೇ 1ರಿಂದ ನಿಷೇಧಿಸಿತು. ಆ ಸಂಖ್ಯೆಯನ್ನು ಹಿಡಿದು ಬಳಕೆದಾರನ ಬೆನ್ನು ಹತ್ತುವುದು ಸಾಧ್ಯವಾಗಿತ್ತು. ಹಾಗೆ ಓದುತ್ತಿದ್ದುದು ಅನೇಕ ವೇಳೆ ಆಪಲ್ಲ, ಅದರೊಳಗಿದ್ದ ಜಾಹೀರಾತಿನ ಲೈಬ್ರರಿ. ಯಂತ್ರಭಾಷೆಯ ಭಾಗವುಳ್ಳ ಹೊಸ ಆಪ್‌ಗಳೂ ಪರಿಷ್ಕರಣೆಗಳೂ 32 ಬಿಟ್ ರೂಪದ ಜೊತೆಗೆ 64 ಬಿಟ್ ರೂಪವನ್ನೂ ಒಳಗೊಂಡಿರಬೇಕೆಂದು ಗೂಗಲ್ 2019ರ ಆಗಸ್ಟ್ 1ರಿಂದ ಗೊತ್ತುಮಾಡಿತು. ಲೈಬ್ರರಿಯ ಕರ್ತೃವು 64 ಬಿಟ್ ರೂಪವನ್ನು ಕೊಡದೆ ಹೋದರೆ ಆಪ್ ತಯಾರಕನ ಕೈ ಕಟ್ಟಿದಂತೆಯೇ ಸರಿ.

ತೀರ ಈಚಿನ ನಿದರ್ಶನವೊಂದನ್ನು ನೋಡೋಣ. ಫೋನಿನ ನೆನಪಿನ ಕೋಶವನ್ನು ಪುಟಗಳೆಂಬ ಸಮಾನ ಭಾಗಗಳಾಗಿ ವಿಂಗಡಿಸಿರುತ್ತಾರೆ. ಆಂಡ್ರಾಯ್ಡಿನಲ್ಲಿ ಬಹುಕಾಲ ಒಂದು ಪುಟದ ಅಳತೆ 4 ಕಿಲೋಬೈಟ್, ಎಂದರೆ 4096 ಬೈಟ್ ಆಗಿತ್ತು. ನೆನಪಿನ ಪ್ರಮಾಣ ಬೆಳೆದಂತೆ ಪುಟಗಳ ಲೆಕ್ಕವಿಡುವ ಕೆಲಸವೂ ಬೆಳೆಯುವುದರಿಂದ, 16 ಕಿಲೋಬೈಟಿನ ದೊಡ್ಡ ಪುಟಗಳಿರುವ ಸಾಧನಗಳಿಗೆ ಎಡೆಮಾಡಿಕೊಟ್ಟರು. ಆದರೆ ಹಳೆಯ ಅಳತೆಗೆ ತಕ್ಕಂತೆ ಅಂಚುಗಳನ್ನು ಕತ್ತರಿಸಿದ ಲೈಬ್ರರಿಗಳು ಹೊಸ ಪುಟಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಅವನ್ನು ಮತ್ತೊಮ್ಮೆ ಹೊಲಿಯಬೇಕು. ಆಂಡ್ರಾಯ್ಡ್ 15 ಮತ್ತು ಅದರ ಮುಂದಿನ ಆವೃತ್ತಿಗಳನ್ನು ಉದ್ದೇಶಿಸಿದ ಹೊಸ ಆಪ್‌ಗಳೂ ಪರಿಷ್ಕರಣೆಗಳೂ ಇದಕ್ಕೆ ಹೊಂದಿಕೊಂಡಿರಬೇಕೆಂಬ ಕಟ್ಟಳೆಗೆ ಗೂಗಲ್ 2025ರ ನವೆಂಬರ್ 1ನೆಯ ದಿನಾಂಕವನ್ನು ಗೊತ್ತುಪಡಿಸಿತು. ಯಂತ್ರಭಾಷೆಯ ಸಮೀಪಕ್ಕೇ ಹೋಗದ ತಯಾರಕನಿಗೂ, ತಾನು ತಂದ ಲೈಬ್ರರಿಯ ದೆಸೆಯಿಂದ ಈ ಅಂಚಿನ ಚಿಂತೆ ಬಂತು.

ಇನ್ನು ನಮ್ಮ ಹಳೆಯ ಪರಿಚಯದ ಎಎಫ್‌ನೆಟ್‌ವರ್ಕಿಂಗ್‌ಗೆ ಏನಾಯಿತು? 2023ರ ಜನವರಿ 17ರಂದು ಅದರ ಪಾಲಕರು ಆ ಲೈಬ್ರರಿಗೇ ನಿವೃತ್ತಿಸೂಚನೆಯನ್ನು ಹೊರಡಿಸಿ ಕೆಲಸವನ್ನು ನಿಲ್ಲಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ, ಬಳಕೆದಾರರ ಖಾಸಗಿ ಮಾಹಿತಿಯ ರಕ್ಷಣೆಗಾಗಿ, ಬಹಳ ಬಳಕೆಯಲ್ಲಿರುವ ಲೈಬ್ರರಿಗಳ ಪಟ್ಟಿಯೊಂದನ್ನು ಆಪಲ್ ಪ್ರಕಟಿಸಿತು. ಇವನ್ನು ಹೊಸದಾಗಿ ಸೇರಿಸುವ ಆಪ್‌ಗಳಲ್ಲಿ, ಲೈಬ್ರರಿಯು ಯಾವ ಮಾಹಿತಿಯನ್ನು ಏತಕ್ಕಾಗಿ ಬಳಸುತ್ತದೆಂಬ ವಿವರಪತ್ರವೂ ಇರಬೇಕೆಂದು ವಿಧಿಸಿತು. ಆ ಪಟ್ಟಿಯಲ್ಲಿ ಎಎಫ್‌ನೆಟ್‌ವರ್ಕಿಂಗ್‌ನ ಹೆಸರೂ ಇತ್ತು. ವಿವರಪತ್ರವನ್ನು ಬರೆದುಕೊಡಬೇಕಾದ ಮನೆಯ ಬಾಗಿಲು ಆಗಲೇ ಮುಚ್ಚಿಹೋಗಿತ್ತು.

ತಪ್ಪು ಯಾರದು?

ಕಾವಲುಗಾರನ ತಪ್ಪೆನ್ನೋಣವೆ? ಅಪಾಯವಿರುವ ಸೌಲಭ್ಯವನ್ನು ಎಂದಾದರೊಂದು ದಿನ ತಡೆಯಲೇಬೇಕು. ವರ್ಷಗಟ್ಟಲೆ ಮುಂಚೆ ಸೂಚನೆ ಕೊಟ್ಟಿದ್ದರೆ ಅವನನ್ನು ಪೂರ್ತಿಯಾಗಿ ದೂರಲಾಗದು. ಆದರೂ ಅವನ ಅಧಿಕಾರ ಅಪಾರವಾದುದೆಂಬುದನ್ನು ಮರೆಯುವಂತಿಲ್ಲ. ಐರೋಪ್ಯ ಒಕ್ಕೂಟದಂತಹ ಕೆಲವು ಕಡೆಗಳನ್ನು ಬಿಟ್ಟರೆ ಐಫೋನಿನ ಬಳಕೆದಾರರಿಗೆ ಆಪನ್ನು ತಲುಪಿಸಲು ಸಾಮಾನ್ಯವಾಗಿ ಬೇರೆ ಹೆಬ್ಬಾಗಿಲು ಇಲ್ಲ.

ಲೈಬ್ರರಿಯ ಕರ್ತೃವಿನ ತಪ್ಪೆನ್ನೋಣವೆ? ಅನೇಕ ಸಲ ಅವನು ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿದವನು. ಉಚಿತ ಲೈಬ್ರರಿಗಳ ಪರವಾನಗಿ ಪತ್ರಗಳಲ್ಲಿ, ವಸ್ತುವನ್ನು ಇದ್ದಂತೆಯೇ ಕೊಟ್ಟಿದೆ, ಯಾವ ಹೊಣೆಯನ್ನೂ ಹೊತ್ತಿಲ್ಲ ಎಂಬ ಮಾತು ಸ್ಪಷ್ಟವಾಗಿ ಇರುತ್ತದೆ. ಎಎಫ್‌ನೆಟ್‌ವರ್ಕಿಂಗ್‌ನ ಎಂಐಟಿ ಪರವಾನಗಿಯಲ್ಲಿಯೂ ಅದೇ ಇತ್ತು. ದಾನ ಕೊಟ್ಟವನು ಜೀವಮಾನವೆಲ್ಲ ಅದರ ದುರಸ್ತಿಯನ್ನೂ ಮಾಡಿಕೊಡಬೇಕೆನ್ನುವುದು ನ್ಯಾಯವಲ್ಲ.

ಉಳಿಯುವವನು ಆಪಿನ ತಯಾರಕ. ಬಳಕೆದಾರನ ಕೈಗೆ ಗಂಟನ್ನು ಒಪ್ಪಿಸುವವನು ಅವನೇ ಆದುದರಿಂದ, ಒಳಗಿರುವ ಪ್ರತಿಯೊಂದಕ್ಕೂ, ತಾನು ಬರೆದಿರಲಿ ಬಿಡಲಿ, ಉತ್ತರ ಹೇಳಬೇಕಾದವನೂ ಅವನೇ. ಎರವಲು ತಂದಾಗ ಶ್ರಮ ಉಳಿಯುತ್ತದೆ, ಹೊಣೆ ಉಳಿಯುವುದಿಲ್ಲ.

ಮುಂದೆ ಇಂತಹ ಕೆಲಸಕ್ಕೆ ಕೈಹಾಕಲಿರುವ ನಮ್ಮ ತರುಣ ವಾಚಕರು ಎರವಲಿಗೆ ಹೆದರಬೇಕಾಗಿಲ್ಲ. ಅದಿಲ್ಲದೆ ಈಗಿನ ತಂತ್ರಾಂಶ ಒಂದು ಹೆಜ್ಜೆಯೂ ನಡೆಯದು. ಆದರೆ ತಂದ ಪ್ರತಿಯೊಂದು ಲೈಬ್ರರಿಯ ಹೆಸರು, ಆವೃತ್ತಿ, ತಂದ ಕಾರಣ ಇವನ್ನು ಒಂದು ಪಟ್ಟಿಯಲ್ಲಿ ಬರೆದಿಡುವುದು ಲೇಸು. ತರುವ ಮುನ್ನ ಅದನ್ನು ಇಂದು ನೋಡಿಕೊಳ್ಳುತ್ತಿರುವವರು ಯಾರು, ಕಡೆಯ ಬಾರಿ ತಿದ್ದಿದುದು ಯಾವಾಗ ಎಂದು ವಿಚಾರಿಸಬೇಕು. ಹತ್ತು ಸಾಲಿನಲ್ಲಿ ಆಗುವ ಕೆಲಸಕ್ಕೆ ಹತ್ತು ಸಾವಿರ ಸಾಲಿನ ಲೈಬ್ರರಿಯನ್ನು ಹೊತ್ತು ತರಬಾರದು. ಕಂಪೈಲರ್ ಕೊಡುವ ನಿವೃತ್ತಿಸೂಚನೆಗಳನ್ನು, ಆಪ್ ನಡೆಯುತ್ತಿದೆಯಲ್ಲ ಎಂಬ ಧೈರ್ಯದಿಂದ ತಳ್ಳಿಹಾಕದೆ, ಅಂದಂದಿನದನ್ನು ಅಂದಂದೇ ಓದಬೇಕು. ಐದು ವರ್ಷಕ್ಕೊಮ್ಮೆ ಐದು ಮೆಟ್ಟಿಲು ಹಾರುವುದಕ್ಕಿಂತ ವರ್ಷಕ್ಕೊಂದು ಮೆಟ್ಟಿಲು ಹತ್ತುವುದು ಕಾಲಿಗೂ ಕ್ಷೇಮ, ಗಂಟಿಗೂ ಕ್ಷೇಮ. ಸಾಧ್ಯವಾದರೆ, ತಾವು ನಂಬಿದ ಲೈಬ್ರರಿಯ ಒಂದು ದೋಷವನ್ನಾದರೂ ತಿದ್ದಿ ಅದರ ಪಾಲಕರಿಗೆ ಕಳುಹಿಸಿಕೊಡಬೇಕು. ಬಾವಿಯ ನೀರನ್ನು ಸೇದುವವರು ಅದರ ಹೂಳನ್ನೂ ಒಮ್ಮೊಮ್ಮೆ ಎತ್ತಬೇಕಲ್ಲವೆ?

ಇನ್ನು ಮುಂದೆ ಫೋನಿನಲ್ಲಿ ಆಪೊಂದು ನವೀಕರಣಗೊಂಡು ‘ಕೆಲವು ಸಣ್ಣ ಸುಧಾರಣೆಗಳು’ ಎಂಬ ಸಾಲನ್ನು ತೋರಿಸಿದರೆ, ಹೊಸದೇನೂ ಕಾಣಲಿಲ್ಲವಲ್ಲ ಎಂದು ನಾವು ಬೇಸರಪಡಬೇಕಾಗಿಲ್ಲ. ಯಾರೋ ಒಬ್ಬರು ರಾತ್ರಿಯೆಲ್ಲ ಕುಳಿತು ಗಂಟನ್ನು ಬಿಚ್ಚಿ, ತಾವು ಬರೆಯದ ಕಡತವೊಂದನ್ನು ಹುಡುಕಿ ತೆಗೆದು, ಮತ್ತೆ ಕಟ್ಟಿ, ಸುಂಕದ ಕಟ್ಟೆಯನ್ನು ದಾಟಿಸಿರಬಹುದು.